ಕೇಳಿ ತೆಗೆದ ಫೋಟೊ
ಮುಂಬಯಿಯ ಮಾಟುಂಗದ ಹೂವಿನ ಅಂಗಡಿಗಳ ಎದುರು ಒಬ್ಬ ಹುಡುಗ ಮೊಬೈಲು ಎತ್ತಿ ಹಿಡಿದು, ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿಯತ್ತ ನೋಡಿದ. 'ತೆಗೆಯಲಾ?' ಎಂಬಂತೆ. ಅಜ್ಜಿ ಸೆರಗು ಸರಿಪಡಿಸಿಕೊಂಡು ತಲೆಯಾಡಿಸಿದರು. ಆಮೇಲೆಯೇ ಅವನು ಫೋಟೊ ತೆಗೆದದ್ದು. ನನಗೆ ತುಂಬ ಹಿಡಿಸಿತು.

ರಸ್ತೆಯಲ್ಲಿ ಫೋಟೊ ತೆಗೆಯಬಾರದೆಂಬ ಸಾಮಾನ್ಯ ನಿಷೇಧ ನಮ್ಮಲ್ಲಿಲ್ಲ, ಇರಲೂಬಾರದು. ಆದರೆ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದಾರೆ; ಆ ಮೊಕದ್ದಮೆ ಹೂಡಿದವರು ನಮ್ಮವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೂ ಕೇಳದೆ ತೆಗೆಯುವವರಿದ್ದಾರೆ: 2025ರಲ್ಲಿ ಬೆಂಗಳೂರು ಮೆಟ್ರೊದಲ್ಲಿ ಹೆಣ್ಣುಮಕ್ಕಳನ್ನು ಕದ್ದು ಚಿತ್ರಿಸಿ ಇನ್‌ಸ್ಟಾಗ್ರಾಮಿಗೆ ಹಾಕಿದವನನ್ನು ಪೊಲೀಸರು ಹಿಡಿದರು.

ಶಾಲೆಯ ವಿಷಯ ಇನ್ನೂ ಸೂಕ್ಷ್ಮ. ಮಗುವಿನ ಕೊರಳಲ್ಲಿ ತೂಗುವ ಐಡಿ ಕಾರ್ಡಿನಲ್ಲಿ ಹೆಸರು, ತರಗತಿ, ಶಾಲೆ ಎಲ್ಲವೂ ಇರುತ್ತವೆ; ಫೋಟೊದಲ್ಲಿ ಅವೂ ಕಾಣಬಹುದು. 18 ತುಂಬದವರ ಡಿಜಿಟಲ್ ಮಾಹಿತಿ ಬಳಸಲು ಸಂಸ್ಥೆಗಳು ಹೆತ್ತವರ ಒಪ್ಪಿಗೆ ಪಡೆಯಬೇಕೆನ್ನುತ್ತದೆ 2023ರ ದತ್ತಾಂಶ ರಕ್ಷಣೆ ಕಾಯ್ದೆ. ಮನೆಬಳಕೆಗೆ ಅದು ಅನ್ವಯಿಸದು, ಸರಿ. ಆದರೂ ವಾರ್ಷಿಕೋತ್ಸವದ ಫೋಟೊ ಹಾಕುವ ಮುನ್ನ, ನಿಮ್ಮ ಮಗುವಿನ ಪಕ್ಕದಲ್ಲಿ ನಿಂತ ಮಗುವಿನ ಅಮ್ಮನನ್ನು ದಯವಿಟ್ಟು ಒಂದು ಮಾತು ಕೇಳಿ.