ಹೆಬ್ಬಾಳದಲ್ಲಿ ಕಳೆದ ಬಿಲ್ಲೆ

ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೋಗುವವರು ಹೆಬ್ಬಾಳವನ್ನು ನೋಡುವುದು ಮೇಲುಸೇತುವೆಯ ಮೇಲಿನಿಂದ. ಅದೂ ವಾಹನಗಳ ಸಾಲು ನಿಂತಾಗ ಮಾತ್ರ. ಕೆರೆಯ ನೀರು ಒಂದಿಷ್ಟು ಮಿನುಗುತ್ತದೆ, ಹಿಂದಿನ ಲಾರಿ ಕೂಗುತ್ತದೆ, ಹೆಬ್ಬಾಳ ಮುಗಿಯುತ್ತದೆ. ಮೊನ್ನೆ ಒಂದು ಭಾನುವಾರ ನಾನು ಸೇತುವೆಯ ಕೆಳಗೆ ಬಸ್ಸಿನಿಂದ ಇಳಿದು, ಕಾಲ್ನಡಿಗೆಯಲ್ಲಿ ಆ ಊರನ್ನು ಹೊಕ್ಕೆನು. ಒಂದು ಬೀಗದ ಕೈಯನ್ನು ಹುಡುಕುವುದು ನನ್ನ ಉದ್ದೇಶವಾಗಿತ್ತು.

ಅದು ನನ್ನ ಅಣ್ಣನ ಸೈಕಲ್ಲಿನ ಬೀಗದ ಕೈ. ಯಲಹಂಕದಿಂದ ಕಾಲೇಜಿಗೆ ಆತನು ದಿನವೂ ತುಳಿಯುತ್ತಿದ್ದ ಸೈಕಲ್ಲು ಎಂದೋ ಗುಜರಿಗೆ ಹೋಯಿತು; ಕೈ ಮಾತ್ರ ಆತನೊಡನೆ ಅಮೆರಿಕಕ್ಕೆ ಹೋಗಿ, ಪೋರ್ಟ್‌ಲೆಂಡಿನ ಮನೆಯ ಮೇಜಿನ ಸೆಳೆಖಾನೆಯಲ್ಲಿ ಉಳಿದಿತ್ತು. ಅಣ್ಣನು ತೀರಿಕೊಂಡ ಮೇಲೆ ಆತನ ಮಗನು ಅದಕ್ಕೊಂದು ಲೋಹದ ಬಿಲ್ಲೆಯನ್ನು ಕಟ್ಟಿ, 'ಯಲಹಂಕ ಸೇರಬೇಕು' ಎಂಬ ಗುರಿಯನ್ನು ಬರೆದು, ಲೋಕಸಂಚಾರಕ್ಕೆ ಬಿಟ್ಟನು.

ಇದೇನು ಹುಚ್ಚಾಟವೆಂದು ಓದುಗರಿಗೆ ಎನಿಸಬಹುದು, ನನಗೂ ಎನಿಸಿತ್ತು. ಜಿಯೋಕ್ಯಾಚಿಂಗ್ ಎಂಬುದು ದೊಡ್ಡವರು ಆಡುವ ಕಣ್ಣಾಮುಚ್ಚಾಲೆ. ಉಪಗ್ರಹಗಳ ನೆರವಿನಿಂದ ಸ್ಥಳ ತಿಳಿಸುವ ಜಿ.ಪಿ.ಎಸ್. ವ್ಯವಸ್ಥೆಯಲ್ಲಿ ಸಾಮಾನ್ಯ ಜನರ ಪಾಲಿಗೆ ಬೇಕೆಂದೇ ಸೇರಿಸಿದ್ದ ದೋಷವನ್ನು ಅಮೆರಿಕದ ಸರಕಾರವು 2000ದ ಮೇ 2ರಂದು ತೆಗೆದುಹಾಕಿತು. ಮರುದಿನವೇ ಡೇವ್ ಅಲ್ಮರ್ ಎಂಬಾತನು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೆಟ್ಟನ್ನು ಅಡಗಿಸಿ, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದನು. ಆಟ ಹುಟ್ಟಿದ್ದು ಹೀಗೆ. ಹುಡುಕಿದವರು ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಅದನ್ನು ಇದ್ದಲ್ಲಿಯೇ ಇಡಬೇಕು.

ಬಿಲ್ಲೆಗಳ ಕಥೆ ಬೇರೆ. ಅವುಗಳ ಧರ್ಮ ನಿಲ್ಲುವುದಲ್ಲ, ನಡೆಯುವುದು. ಪ್ರತಿಯೊಂದರ ಮೇಲೂ ಬೇರೆಲ್ಲಿಯೂ ಇಲ್ಲದ ಒಂದು ಸಂಕೇತವನ್ನು ಕೊರೆದಿರುತ್ತದೆ. ಎತ್ತಿಕೊಂಡವನು ಆ ಸಂಕೇತವನ್ನು ದಾಖಲಿಸಿ, ಬಿಲ್ಲೆಯನ್ನು ತನ್ನೊಡನೆ ಒಯ್ದು, ಮುಂದಿನ ಡಬ್ಬಿಯಲ್ಲಿಟ್ಟು, ಮತ್ತೆ ದಾಖಲಿಸಬೇಕು. ಸಂಕೇತದ ಚಿತ್ರವನ್ನು ಬಹಿರಂಗಪಡಿಸಕೂಡದು. ಪಡಿಸಿದರೆ, ಬಿಲ್ಲೆಯನ್ನು ಕಣ್ಣಿನಿಂದ ಕಾಣದವನೂ ಕಂಡೆನೆಂದು ಬರೆದಾನು! ನಮ್ಮ ಕೈ ಹೀಗೆ ಜರ್ಮನಿಯನ್ನು ಕಂಡಿತು, ಸಿಂಗಾಪುರವನ್ನು ಕಂಡಿತು, ಯಾರೋ ಪುಣ್ಯಾತ್ಮರ ಚೀಲದಲ್ಲಿ ಹೆಬ್ಬಾಳಕ್ಕೂ ಬಂದಿತು. ಇನ್ನುಳಿದದ್ದು ಹತ್ತು ಕಿಲೋಮೀಟರಿನೊಳಗಿನ ದಾರಿ. ಅಲ್ಲಿಗೆ ದಾಖಲೆ ನಿಂತಿತು. ಆಮೇಲೆ ಬಂದ ಇಬ್ಬರು 'ಡಬ್ಬಿಯಲ್ಲಿ ಕೈ ಇಲ್ಲ' ಎಂದು ಬರೆದರು.

ಹೀಗಾದಾಗ ಬಿಲ್ಲೆ ಕಾಣೆಯಾಗಿದೆಯೆಂದು ಗುರುತು ಹಾಕುವ ಹಕ್ಕು ಅದರ ಒಡೆಯನಿಗೂ ಡಬ್ಬಿಯನ್ನು ಇಟ್ಟವರಿಗೂ ಉಂಟು. ನನ್ನ ಅಣ್ಣನ ಮಗನಿಗೆ ಅದು ಸಾಧ್ಯವಾಗಲಿಲ್ಲ. "ಆಸ್ಪತ್ರೆಯ ಕಾಗದಗಳಿಗೆಲ್ಲ ಸಹಿ ಹಾಕಿದವನು ನಾನೇ ಚಿಕ್ಕಪ್ಪ, ಇದೊಂದು ನನ್ನಿಂದಾಗದು" ಎಂದನು. ಕೊನೆಗೆ ಡಬ್ಬಿಯನ್ನು ಇಟ್ಟವರೇ ಗುರುತು ಹಾಕಿದರು.

ದೂರವಾಣಿಯ ಬಾಣವು ನನ್ನನ್ನು ಒಂದು ಹಳೆಯ ಗೋಡೆಯ ಬಳಿಗೆ ಕರೆದೊಯ್ದಿತು. ಮರದ ನೆರಳಿನಲ್ಲಿ ಆ ಬಾಣವು ಅತ್ತಿತ್ತ ಓಲಾಡುತ್ತದೆ. ಕೊನೆಯ ಕೆಲವು ಮಾರುಗಳಲ್ಲಿ ಕಣ್ಣೇ ಗತಿ. ಮೊಣಕಾಲೂರಿ ಕಲ್ಲುಸಂದಿಗಳಲ್ಲಿ ಕೈಯಾಡಿಸುತ್ತಿದ್ದ ನನ್ನನ್ನು ಕಂಡು ಸೊಪ್ಪು ಮಾರುವ ಹೆಂಗಸೊಬ್ಬಳು ಬುಟ್ಟಿಯನ್ನಿಳಿಸಿದಳು.

"ಏನ್ ಸ್ವಾಮಿ, ಏನ್ ಕಳ್ಕೊಂಡ್ರಿ?"

"ಬೀಗದ ಕೈ."

"ಮನೇದಾ? ಬೀಗ ಒಡೆಸಿಬಿಡಿ ಸ್ವಾಮಿ. ಇಲ್ಲಿ ಬಿದ್ದಿದ್ದು ಸಿಗ್ತದಾ?"

ಬೀಗವೇ ಇಲ್ಲವೆಂದು ಆಕೆಗೆ ಹೇಗೆ ಹೇಳಲಿ? ಡಬ್ಬಿಯೇನೋ ಸಿಕ್ಕಿತು. ಒಳಗೆ ತೇವ ಹಿಡಿದ ಪುಸ್ತಕ, ಒಂದು ಗೋಲಿ, ಕಾಲು ಮುರಿದ ಪ್ಲಾಸ್ಟಿಕ್ ಕುದುರೆ, ಕೈ ಇರಲಿಲ್ಲ. ಕದ್ದವರಿದ್ದಾರೆಂದು ನನಗೆ ತೋರದು. ಕಂಡದ್ದನ್ನು ಮನೆಗೊಯ್ದು, ಮುಂದೆ ಕಳುಹಿಸಬೇಕೆಂದುಕೊಂಡು, ಮೇಜಿನ ಸೆಳೆಖಾನೆಯಲ್ಲಿಟ್ಟು ಮರೆಯುವ ಸಜ್ಜನರೇ ಲೋಕದಲ್ಲಿ ಹೆಚ್ಚು. 2021ರ ಫೆಬ್ರವರಿ 18ರಂದು ಮಂಗಳಗ್ರಹದ ಮೇಲಿಳಿದ ಪರ್ಸಿವಿಯರೆನ್ಸ್ ಬಂಡಿಯ ಉಪಕರಣವೊಂದರ ಪರೀಕ್ಷಾಫಲಕದ ಮೇಲೂ ಇಂತಹುದೇ ಸಂಕೇತವಿದೆಯಂತೆ. ಕೋಟ್ಯಂತರ ಮೈಲಿಗಳಾಚೆಯ ಆ ಬಿಲ್ಲೆ ಎಲ್ಲಿದೆಯೆಂಬುದನ್ನು ನಿಖರವಾಗಿ ಹೇಳಬಲ್ಲರು. ಹೆಬ್ಬಾಳದಲ್ಲಿ ಕಳೆದದ್ದನ್ನು ಹೇಳುವವರಿಲ್ಲ.

ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಲು ಮನಸ್ಸಾಗದೆ, ಹಳೆಯ ಊರಿನೊಳಗೆ ಕಿತ್ತಯ್ಯನ ಕಲ್ಲನ್ನು ನೋಡಹೋದೆನು. 2018ರಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಹೊರಬಂದ ವೀರಗಲ್ಲು ಅದು. ಗಂಗರ ಶ್ರೀಪುರುಷನ ಕಾಲದ್ದು; ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರ ಎಣಿಕೆ. ರಟ್ಟವಾಡಿಯವರು ಏರಿ ಬಂದಾಗ ಕಾದಿ ಮಡಿದ ಕಿತ್ತಯ್ಯನ ಹೆಸರೂ, ಪೆರ್ಬೊಳಲು ನಾಡೆಂಬ ಈ ನೆಲದ ಹೆಸರೂ ಅದರಲ್ಲಿವೆ. ಪೆರ್ಬೊಳಲೇ ಸವೆದು ಹೆಬ್ಬಾಳವಾಗಿದೆ. ಆಸಕ್ತರು ಗುರುತಿಸಿ, ಚಿತ್ರ ತೆಗೆದು, ಅಕ್ಷರಗಳನ್ನೋದಿ ಉಳಿಸಿರದಿದ್ದರೆ ಅದು ಯಾವ ಮನೆಯ ಮೆಟ್ಟಿಲಾಗುತ್ತಿತ್ತೋ! ಈಗ ಮಂಟಪದ ನೆರಳಿನಲ್ಲಿ ನಿಂತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಇಂತಹ ಶಾಸನಗಳ ಮೂರು ಆಯಾಮದ ಪ್ರತಿರೂಪಗಳನ್ನು ಗಣಕಯಂತ್ರದಲ್ಲಿ ತೆಗೆದಿರಿಸುತ್ತಿದ್ದಾರೆ; ನಾಳೆ ಕಲ್ಲೇ ಇಲ್ಲವಾದರೂ ಅಕ್ಷರ ಉಳಿಯುವುದು.

ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆನು. ಕಾದಿದ ವೀರನಿಗಿಂತ, ಉಳಿ ಹಿಡಿದು ಆತನ ಹೆಸರನ್ನು ಕೊರೆದವನ ನೆನಪೇ ನನಗೆ ಹೆಚ್ಚಾಗಿ ಬಂದಿತು.

ರಾತ್ರಿ ಪೋರ್ಟ್‌ಲೆಂಡಿನಿಂದ ಕರೆ ಬಂದಿತು. ನಡೆದುದನ್ನೆಲ್ಲ ಹೇಳಿದೆನು. ಬಿಲ್ಲೆಗಳನ್ನು ಜೋಡಿಯಾಗಿ ಮಾರುತ್ತಾರೆ. ಒಂದು ಸಂಚಾರಕ್ಕೆ, ಅದೇ ಸಂಕೇತದ ಇನ್ನೊಂದು ಒಡೆಯನ ಬಳಿ ಇರಲಿಕ್ಕೆ. ಆ ಇನ್ನೊಂದನ್ನು ನನಗೆ ಅಂಚೆಯಲ್ಲಿ ಕಳುಹಿಸುವೆನೆಂದೂ, ಏನಾದರೊಂದು ವಸ್ತುವಿಗೆ ಕಟ್ಟಿ ಹೆಬ್ಬಾಳದಿಂದ ಯಲಹಂಕಕ್ಕೆ ನಾನೇ ತಲುಪಿಸಬೇಕೆಂದೂ ಹುಡುಗನು ಕೇಳಿಕೊಂಡನು. ಮೊದಲಿನ ಕೈ ಎಂದಾದರೂ ದೊರೆತರೆ ಎರಡೂ ಒಂದೇ ದಾಖಲೆಯಲ್ಲಿ ಸೇರುತ್ತವೆ, ಗೊಂದಲವಾದರೆ ಆಗಲಿ ಎಂದನು.

ಒಪ್ಪಿಕೊಂಡಿದ್ದೇನೆ. ಸೈಕಲ್ಲಿನ ಬೀಗಕ್ಕೆ ಎರಡು ಕೈಗಳಿದ್ದವು; ಎರಡನೆಯದನ್ನು ಅಣ್ಣನು ಹೊರಡುವಾಗ ನನಗೆ ಕೊಟ್ಟಿದ್ದನು. ಅದನ್ನು ಎಲ್ಲಿಟ್ಟೆನೆಂದು ಮೂರು ದಿನಗಳಿಂದ ಮನೆಯೆಲ್ಲ ಹುಡುಕುತ್ತಿದ್ದೇನೆ.