ಒಂಟಿ ತಟ್ಟೆಯ ಮುಂದೆ

ಮದ್ರಸಾದಲ್ಲಿ ಓದುವಾಗ ನಾವು ಒಬ್ಬರೇ ಉಂಡ ನೆನಪಿಲ್ಲ. ದಸ್ತರಖಾನ್ ಹಾಸಿ, ಒಂದೇ ತಾಟಿನ ಸುತ್ತ ನಾಲ್ಕೈದು ಮಂದಿ ಕುಳಿತು, ಬಿಸ್ಮಿಲ್ಲಾ ಹೇಳಿ, ಅವರವರ ಮುಂದಿನ ಭಾಗದಿಂದ ಉಣ್ಣುವುದು ರೂಢಿಯಾಗಿತ್ತು. ಕೂಡಿ ಉಂಡರೆ ಬರಕತ್ತಿದೆ ಎಂಬ ಪ್ರವಾದಿವರ್ಯರ(ಸ) ಉಪದೇಶ ಇಬ್ನು ಮಾಜಃರ ಸಂಗ್ರಹದಲ್ಲಿದೆ. ಅದನ್ನು ನಾವು ಓದುವುದಕ್ಕೆ ಮೊದಲೇ ಉಂಡು ಕಲಿತಿದ್ದೆವು.

ನಮ್ಮಲ್ಲಿ ಅಲಿಫ್ ಬಾ ಕಲಿತ ಹುಡುಗರು ಈಗ ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳಲ್ಲಿದ್ದಾರೆ. ಅವರನ್ನು ಕಾಣಲು ಹೋದಾಗ ಕ್ಯಾಂಟೀನಿನಲ್ಲಿ ಕೂರುತ್ತೇವೆ. ಒಂಟಿಯಾಗಿ ಉಣ್ಣುವವರು ಅಲ್ಲಿ ಬೇಗನೆ ಕಣ್ಣಿಗೆ ಬೀಳುತ್ತಾರೆ. ಮೂಲೆಯ ಬೆಂಚು, ಗೋಡೆಯ ಕಡೆಗೆ ಮುಖ, ನೀರಿನ ಲೋಟಕ್ಕೆ ಒರಗಿಸಿದ ಮೊಬೈಲು. ಯಾರಿಗೋ ಕಾಯುತ್ತಿರುವಂತೆ ಕೆಲವರು ಬಾಗಿಲನ್ನು ನೋಡುತ್ತಾರೆ; ಯಾರೂ ಬರುವುದಿಲ್ಲ. ಹೆಣ್ಣುಮಕ್ಕಳಂತೂ ಒಬ್ಬರೇ ಬಂದರೆ ಕೂರುವುದೇ ಅಪರೂಪ, ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ.

ರೋಣದಲ್ಲಿ ಒಮ್ಮೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಕುಳಿತಿದ್ದ. ಅವನ ಗೆಳೆಯರು ಆಚೆ ಬೆಂಚಿನಲ್ಲಿ ಮಿರ್ಚಿ, ಗಿರ್ಮಿಟ್ ತಿನ್ನುತ್ತ ನಗುತ್ತಿದ್ದರು. ಅಹಂಕಾರವೆಂದೇ ನಾವು ತಿಳಿದೆವು. ಎಲ್ಲರಿಗೂ ಕೇಳುವಂತೆ ಆ ಹದೀಸನ್ನು ಹೇಳಿ ಗದರಿಸಿದೆವು. ಅವನು ತಲೆ ತಗ್ಗಿಸಿ, ಬುತ್ತಿಯ ಬಟ್ಟೆಯನ್ನು ಮಡಚಿದ.

ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದ: "ಹಜರತ್, ಅವರು ಇವತ್ತ ನನಗ ಮಿರ್ಚಿ ಕೊಡಿಸ್ತಾರ. ನಾಳೆ ನಾ ಅವರಿಗೆ ಕೊಡಸಬೇಕಲ್ರಿ?"

ತಂದೆಗೆ ಗಜೇಂದ್ರಗಡದಲ್ಲಿ ಕೈಮಗ್ಗದ ಕೂಲಿ. ಬಸ್ಸಿನ ಖರ್ಚು ಕಳೆದರೆ ಹುಡುಗನ ಜೇಬಿನಲ್ಲಿ ಒಂದು ಚಹಾದ ಹಣ ಉಳಿಯುತ್ತಿತ್ತು. ಉಪದೇಶ ಎಷ್ಟು ಸುಲಭದ ಕೆಲಸವೆಂದು ಅಂದು ನಮಗೆ ತಿಳಿಯಿತು.

ಮನೆಗೆ ಬಂದು ಕುರ್‌ಆನಿನ 24ನೇ ಅಧ್ಯಾಯವಾದ ಅನ್ನೂರ್‌ನ 61ನೇ ಸೂಕ್ತವನ್ನು ಮತ್ತೆ ತೆರೆದೆವು. ಕೂಡಿ ಉಂಡರೂ ಬೇರೆ ಬೇರೆಯಾಗಿ ಉಂಡರೂ ದೋಷವಿಲ್ಲವೆಂದು ಅಲ್ಲಿದೆ. ವ್ಯಾಖ್ಯಾನಕಾರರು ಇದರ ಹಿನ್ನೆಲೆಯಾಗಿ ಅರಬರ ಕಿನಾನ ಬುಡಕಟ್ಟಿನವರನ್ನು ಹೆಸರಿಸುತ್ತಾರೆ. ಒಬ್ಬರೇ ಉಣ್ಣುವುದನ್ನು ಅವರು ಅವಮಾನವೆಂದು ಭಾವಿಸಿ, ಜೊತೆಗಾರ ಸಿಗುವ ತನಕ ಹಸಿದೇ ಇರುತ್ತಿದ್ದರಂತೆ. ಅಲ್ಲಾಹನು ಆ ಭಾರವನ್ನು ಇಳಿಸಿದನು. ಅದನ್ನೇ ನಾವು ಒಬ್ಬ ಬಡ ಹುಡುಗನ ತಲೆಯ ಮೇಲೆ ಮತ್ತೆ ಹೊರಿಸಿದ್ದೆವು! ಈ ಸೂಕ್ತವನ್ನು ಎಷ್ಟು ಸಲ ಪಾಠ ಮಾಡಿದ್ದೆವೋ.

ಮುಂದಿನ ಸಲ ಹೋದಾಗ ನಾವು ಸುಮ್ಮನೆ ಅವನ ಎದುರಿಗೆ ಕುಳಿತು, "ಏನು ತಂದೀಯಪ್ಪ?" ಎಂದು ಕೇಳಿದೆವು. ಅವನು ಅನುಮಾನಿಸುತ್ತಲೇ ಬುತ್ತಿ ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಒಂದು ರೊಟ್ಟಿ ಮುರಿದು ಅರ್ಧವನ್ನು ನಮ್ಮ ಕಡೆ ಸರಿಸಿದ. ಆಚೆ ಬೆಂಚಿನ ಹುಡುಗನೊಬ್ಬ ಬಂದು, "ನಮಗೂ ಒಂದು ತುಣುಕು" ಎಂದು ಕೈ ಚಾಚಿದ. ಆ ದಿನದ ಚಹಾ ನಮ್ಮ ಲೆಕ್ಕಕ್ಕೆ, ರೊಟ್ಟಿ ಅವನದು.