ಕೊನೆಗೆ ಉಳಿಯುವ ಎರಡು ಕುರ್ಚಿ

ಲಾಸ್ ವೇಗಸ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಹುಲ್ಲುಗಾವಲುಗಳು ಎಂದರ್ಥ. ಹೆಸರು ನಂಬಿ ಹೋದವರಿಗೆ ಹುಲ್ಲು ಕಾಣುವುದಿಲ್ಲ. ಸುತ್ತಲೂ ಮೊಹಾವಿ ಮರುಭೂಮಿ. ವರ್ಷಕ್ಕೆ ಬೀಳುವ ಮಳೆ ಹತ್ತು ಸೆಂಟಿಮೀಟರಿನ ಆಸುಪಾಸು. ಹಿಂದೆ ಇಲ್ಲಿ ನೀರಿನ ಬುಗ್ಗೆಗಳಿದ್ದವು, ಅವುಗಳ ಸುತ್ತ ಹುಲ್ಲು ಬೆಳೆಯುತ್ತಿತ್ತು. ಆ ನೀರಿಗಾಗಿಯೇ ರೈಲು ಬಂತು. 1905ರ ಮೇ ತಿಂಗಳಲ್ಲಿ ರೈಲ್ವೆಯವರು ನಿವೇಶನಗಳನ್ನು ಹರಾಜು ಹಾಕಿದರು, ಊರು ಹುಟ್ಟಿತು. ನಿಲ್ದಾಣದ ಎದುರಿನಿಂದ ನೇರವಾಗಿ ಹೊರಟ ಬೀದಿಯೇ ಫ್ರೀಮಾಂಟ್ ಬೀದಿ.

1931ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿತು. ಅದೇ ವರ್ಷ ಐವತ್ತು ಕಿಲೋಮೀಟರಿನಷ್ಟು ದೂರದಲ್ಲಿ ಹೂವರ್ ಅಣೆಕಟ್ಟಿನ ಕೆಲಸ ಆರಂಭವಾಯಿತು. ಅಣೆಕಟ್ಟಿನ ಕಾರ್ಮಿಕರಿಗಾಗಿ ಸರ್ಕಾರ ಕಟ್ಟಿದ ಬೌಲ್ಡರ್ ಸಿಟಿಯಲ್ಲಿ ಜೂಜಿಗೆ ಅವಕಾಶವಿರಲಿಲ್ಲ, ಇಂದಿಗೂ ಇಲ್ಲ. ಹಾಗಾಗಿ ಸಂಬಳದ ದಿನ ಅವರೆಲ್ಲ ಎಲ್ಲಿಗೆ ಹೋದರೆಂದು ಬೇರೆ ಹೇಳಬೇಕಾಗಿಲ್ಲ!

ಇಂದು ಫ್ರೀಮಾಂಟ್ ಬೀದಿಯ ನೆತ್ತಿಯ ಮೇಲೆ 1995ರಲ್ಲಿ ಹಾಕಿದ ದೊಡ್ಡ ಕಮಾನಿನ ಛಾವಣಿ ಇದೆ. ಕತ್ತಲಾದ ಮೇಲೆ ಅದರ ತುಂಬ ದೀಪಗಳ ಚಿತ್ರಗಳು ಓಡುತ್ತವೆ. ವಾಹನಗಳಿಲ್ಲ, ಜನವೇ ಜನ. ಇಕ್ಕೆಲದ ಕ್ಯಾಸಿನೋಗಳ ಬಾಗಿಲು ಸದಾ ತೆರೆದಿರುತ್ತವೆ. ಜುಲೈ ತಿಂಗಳಲ್ಲಿ ಹೊರಗೆ ನಲವತ್ತು ಡಿಗ್ರಿ ಮೀರಿದ ಸೆಕೆ, ಬಾಗಿಲಿನ ಎದುರು ಹಾಯುವಾಗ ಮಾತ್ರ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಒಳಗೆ ಹೋದರೆ ಕಿಟಕಿ ಕಾಣುವುದಿಲ್ಲ, ಗೋಡೆ ಗಡಿಯಾರವೂ ಇಲ್ಲ. ಎಷ್ಟು ಹೊತ್ತಾಯಿತೆಂದು ತಿಳಿಯುವುದು ಹೊರಗೆ ಬಂದ ಮೇಲೆಯೇ.

ಗೋಲ್ಡನ್ ನಗೆಟ್‌ನ ಎದುರಿಗೆ ಬೀದಿಯ ಆಚೆ ಬದಿಯಲ್ಲಿರುವುದೇ ಬಿನಿಯನ್ಸ್. 1951ರಲ್ಲಿ ಟೆಕ್ಸಾಸ್‌ನಿಂದ ಬಂದ ಬೆನ್ನಿ ಬಿನಿಯನ್ ಇದನ್ನು ಹಾರ್ಸ್‌ಶೂ, ಅಂದರೆ ಕುದುರೆ ಲಾಳ, ಎಂಬ ಹೆಸರಿನಲ್ಲಿ ತೆರೆದರು. ಹತ್ತು ಸಾವಿರ ಡಾಲರಿನ ನೂರು ನೋಟುಗಳನ್ನು ಗಾಜಿನೊಳಗಿಟ್ಟು, ಅದರ ಮುಂದೆ ನಿಂತವರ ಫೋಟೋ ಪುಕ್ಕಟೆಯಾಗಿ ತೆಗೆದುಕೊಡುತ್ತಿದ್ದುದು ಈ ಕ್ಯಾಸಿನೋದ ವಿಶೇಷ. ಫೋಟೋ ತೊಳೆದು ಕೊಡುವ ತನಕ ಜನ ಕಾಯಬೇಕಿತ್ತು. ಕಾಯುವಾಗ ಸುಮ್ಮನೆ ನಿಲ್ಲುತ್ತಾರೆಯೇ? ಬಿನಿಯನ್‌ರ ಲೆಕ್ಕ ಸರಿಯಾಗಿಯೇ ಇತ್ತು.

ಈ ಕ್ಯಾಸಿನೋ ಇಸ್ಪೀಟಿನ ಇತಿಹಾಸದಲ್ಲಿ ಹೆಸರಾಗಿರುವುದು ಇಬ್ಬರೇ ಎದುರುಬದುರು ಕುಳಿತು ಆಡುವ ಆಟದಿಂದ. ಜಾನಿ ಮಾಸ್ ಮತ್ತು ‘ನಿಕ್ ದ ಗ್ರೀಕ್’ ಎಂದು ಹೆಸರಾಗಿದ್ದ ನಿಕ್ ಡಾಂಡೊಲೊಸ್, ಇಬ್ಬರೂ 1949ರಲ್ಲಿ ಇಲ್ಲಿ ಐದು ತಿಂಗಳು ಪೋಕರ್ ಆಡಿದರು, ನೋಡಲು ಜನ ಸಾಲುಗಟ್ಟಿ ನಿಂತರು ಎಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಬಂದಿದೆ. ಆದರೆ ಕ್ಯಾಸಿನೋ ತೆರೆದದ್ದೇ 1951ರಲ್ಲಿ! ಶಾಲೆಯ ಹುಡುಗನೂ ಹಿಡಿಯಬಹುದಾದ ಈ ತಪ್ಪನ್ನು ಬಹಳ ಕಾಲ ಯಾರೂ ಲೆಕ್ಕಿಸಲಿಲ್ಲ. ಕಥೆ ಎಷ್ಟು ನಿಜವೋ, 1970ರಲ್ಲಿ ಬಿನಿಯನ್ ಒಂದು ಕೂಟ ಕರೆದದ್ದಂತೂ ನಿಜ. ಅದಕ್ಕೆ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಎಂದು ಹೆಸರಿಟ್ಟರು. ಮೊದಲ ವರ್ಷ ಆಟಗಾರರೇ ಮತ ಹಾಕಿ ಜಾನಿ ಮಾಸ್‌ರನ್ನು ವಿಜೇತರೆಂದು ಆರಿಸಿದರು. ಮತದಾನದಿಂದ ತೀರ್ಮಾನವಾಗುವ ಜೂಜು ಯಾರಿಗೆ ಬೇಕು? ಮರುವರ್ಷದಿಂದ ನಿಯಮ ಬದಲಾಯಿತು: ಎಲ್ಲರೂ ಒಂದೇ ಮೊತ್ತ ಕಟ್ಟಿ ಅಷ್ಟೇ ಬಿಲ್ಲೆ ಪಡೆಯಬೇಕು, ಬಿಲ್ಲೆ ಮುಗಿದವನು ಎದ್ದು ಹೋಗಬೇಕು, ಒಬ್ಬನ ಮುಂದೆ ಎಲ್ಲ ಬಿಲ್ಲೆಗಳೂ ಸೇರುವ ತನಕ ಆಟ ನಡೆಯಬೇಕು.

ಹೀಗಾಗಿ ಎಷ್ಟೇ ಜನ ಸೇರಿದರೂ ಕೊನೆಗೆ ಎರಡು ಕುರ್ಚಿ ಉಳಿಯಲೇಬೇಕು. ಹಾರ್ಸ್‌ಶೂನಲ್ಲಿ ಆ ಹೊತ್ತಿಗೆ ಬಹುಮಾನದ ನೋಟಿನ ಕಟ್ಟುಗಳನ್ನು ತಂದು ಮೇಜಿನ ಮೇಲೆಯೇ ಸುರಿಯುತ್ತಿದ್ದರು.

ಆಟ ಕಲಿಯುವುದು ಕಷ್ಟವಲ್ಲ. ಪ್ರತಿಯೊಬ್ಬನಿಗೂ ಮುಚ್ಚಿದ ಎರಡು ಎಲೆ. ಆಮೇಲೆ ಮೇಜಿನ ನಡುವೆ ಮೂರು, ಮತ್ತೊಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಬಿಡಿಸುತ್ತಾರೆ. ತನ್ನ ಎರಡು ಮತ್ತು ನಡುವಿನ ಐದು ಸೇರಿ ಅತ್ಯುತ್ತಮ ಐದೆಲೆ ಯಾರದೋ ಅವರದು ಪಣ. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಬೇಡವೆನಿಸಿದರೆ ಎಲೆ ಕೆಳಗಿಡಬಹುದು. ಯಾರೂ ಕಟ್ಟದೆ ಸುಮ್ಮನೆ ಕುಳಿತರೆ ಆಟ ಸಾಗುವುದಿಲ್ಲವಾದ್ದರಿಂದ ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಪಣ ಇಡಬೇಕು. ಇದಕ್ಕೆ ಬ್ಲೈಂಡ್ ಎಂದು ಹೆಸರು. ಹೊತ್ತು ಕಳೆದಂತೆ ಈ ಕಡ್ಡಾಯದ ಮೊತ್ತ ಏರುತ್ತಾ ಹೋಗುತ್ತದೆ.

ಒಂಬತ್ತು ಜನ ಕುಳಿತಾಗ ಒಬ್ಬನಿಗೆ ಈ ದಂಡ ಒಂಬತ್ತು ಕೈಗಳಲ್ಲಿ ಎರಡು ಬಾರಿ ಮಾತ್ರ ಬರುತ್ತದೆ. ಒಳ್ಳೆಯ ಎಲೆ ಬರಲೆಂದು ತಾಳ್ಮೆಯಿಂದ ಕಾಯಬಹುದು. ಇಬ್ಬರೇ ಉಳಿದಾಗ ಪ್ರತಿ ಕೈಗೂ ದಂಡ ತೆರಬೇಕು. ಕಾಯುತ್ತಾ ಕುಳಿತವನ ಬಿಲ್ಲೆಗಳು ಬಿಸಿಲಿಗಿಟ್ಟ ತಟ್ಟೆಯ ನೀರಿನಂತೆ ಆರಿಹೋಗುತ್ತವೆ. ಆರುದಿನ ಕಾಯ್ದು ಗೆದ್ದ ತಾಳ್ಮೆಯೇ ಏಳನೆಯ ದಿನ ಶತ್ರುವಾಗುತ್ತದೆ!

ಎಲೆಯ ಬೆಲೆಯೂ ಬದಲಾಗುತ್ತದೆ. 52 ಎಲೆಗಳಿಂದ ಎರಡನ್ನು ಆರಿಸಲು 1,326 ದಾರಿಗಳಿವೆ. ಅವುಗಳಲ್ಲಿ ಜೋಡಿ ಬರುವುದು 78, ಅಂದರೆ ಹದಿನೇಳಕ್ಕೆ ಒಂದು. ನಿಮ್ಮ ಕೈಯಲ್ಲಿ ಎಕ್ಕ ಇಲ್ಲವೆಂದುಕೊಳ್ಳಿ. ಎದುರಿಗೆ ಎಂಟು ಜನ ಇದ್ದರೆ ಅವರಲ್ಲಿ ಯಾರ ಬಳಿಯಾದರೂ ಎಕ್ಕ ಇರುವ ಸಂಭವ ನೂರಕ್ಕೆ ಎಂಬತ್ತು. ಒಬ್ಬನೇ ಇದ್ದರೆ ನೂರಕ್ಕೆ ಹದಿನಾರೂ ಇಲ್ಲ. ಪಿಯುಸಿಯ ವಿದ್ಯಾರ್ಥಿಗಳು ಕಾಗದ ಹಿಡಿದು ತಾಳೆ ನೋಡಬಹುದು. ಇನ್ನೂ ಒಂದು ಲೆಕ್ಕ: ಕೈಯಲ್ಲಿ ಜೋಡಿ ಇಲ್ಲದವನಿಗೆ ನಡುವಿನ ಮೊದಲ ಮೂರೆಲೆಯಿಂದ ಜೋಡಿಯಾದರೂ ಕೂಡುವುದು ಮೂರರಲ್ಲಿ ಒಂದು ಸಲ ಮಾತ್ರ. ಹಾಗಾಗಿ ಬಹಳಷ್ಟು ಸಲ ಇಬ್ಬರ ಬಳಿಯೂ ಏನೂ ಇರುವುದಿಲ್ಲ. ಏನೂ ಇಲ್ಲದ ಇಬ್ಬರಲ್ಲಿ ಯಾರು ಇದೆಯೆಂದು ನಂಬಿಸುತ್ತಾರೋ ಪಣ ಅವರ ಪಾಲು. ಬ್ಲಫ್ ಎಂಬುದು ಇಲ್ಲಿ ಕೆಲವರ ದುಶ್ಚಟವಾಗಿ ಉಳಿಯದೆ ಅಂಕಗಣಿತದ ಪರಿಣಾಮವಾಗಿಬಿಡುತ್ತದೆ.

1988ರ ಕೂಟಕ್ಕೆ ತಲಾ ಹತ್ತು ಸಾವಿರ ಡಾಲರ್ ಕಟ್ಟಿ ಬಂದವರು 167 ಮಂದಿ. ಕೊನೆಗೆ ಉಳಿದವರು ಜಾನಿ ಚಾನ್ ಮತ್ತು ಎರಿಕ್ ಸೀಡೆಲ್. ಚಾನ್ ಹಿಂದಿನ ವರ್ಷದ ವಿಜೇತರು, ಚೀನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕುಟುಂಬದವರು. ಆಗೆಲ್ಲ ಮೇಜಿನ ಸುತ್ತ ಸಿಗರೇಟಿನ ಹೊಗೆ. ಅದರ ವಾಸನೆ ತಾಳಲಾರದೆ ಚಾನ್ ಒಂದು ಕಿತ್ತಳೆ ಹಣ್ಣನ್ನು ಮುಂದಿಟ್ಟುಕೊಂಡು ಆಗಾಗ ಮೂಸುತ್ತಿದ್ದರು. ಸೀಡೆಲ್ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕೆಲಸ ಮಾಡಿದ್ದ ಯುವಕ. ಚಾನ್ ಮುಂದೆ ಬಿಲ್ಲೆಗಳ ಗುಡ್ಡ, ಸೀಡೆಲ್ ಮುಂದೆ ಸಣ್ಣ ದಿಬ್ಬ.

ಕೊನೆಯ ಕೈಯಲ್ಲಿ ಸೀಡೆಲ್‌ಗೆ ಬಂದದ್ದು ರಾಣಿ ಮತ್ತು ಏಳು. ಒಂಬತ್ತು ಜನರ ಮೇಜಿನಲ್ಲಿ ಯೋಚಿಸದೆ ಕೆಳಗಿಡುವ ಎಲೆ. ಇಬ್ಬರ ಆಟದಲ್ಲಿ ಅದೇ ಎಲೆ ಎದುರಿನವನ ಯಾವುದೋ ಎರಡೆಲೆಯ ವಿರುದ್ಧ ನೂರಕ್ಕೆ 52ರಷ್ಟು ಗೆಲ್ಲುತ್ತದೆ. ಎಲ್ಲ ಕೈಗಳ ನಟ್ಟನಡುವೆ ಬರುವ ಈ ಎಲೆಗಳಿಗೆ ಆಟಗಾರರು ‘ಕಂಪ್ಯೂಟರ್ ಕೈ’ ಎಂದೇ ಹೆಸರಿಟ್ಟಿದ್ದಾರೆ. ನಡುವೆ ಬಿದ್ದ ಮೂರೆಲೆ ರಾಣಿ, ಹತ್ತು, ಎಂಟು. ಸೀಡೆಲ್‌ಗೆ ರಾಣಿಯ ಜೋಡಿ! ಇಬ್ಬರ ಆಟದಲ್ಲಿ ಇದು ದೊಡ್ಡ ಸಂಪತ್ತು. ಸೀಡೆಲ್ ಕುಳಿತಲ್ಲಿಂದ ಕಾಣದ 47 ಎಲೆಗಳಿಂದ ಎರಡೆಲೆಯ 1,081 ಕೈಗಳು ಸಾಧ್ಯ. ಅವುಗಳಲ್ಲಿ ಆಗಲೇ ಐದೆಲೆಯ ಸೀಕ್ವೆನ್ಸ್ ಕೂಡಿಸಬಲ್ಲದ್ದು ಗುಲಾಮ ಮತ್ತು ಒಂಬತ್ತು ಮಾತ್ರ, ಅದೂ ಹದಿನಾರೇ ವಿಧದಲ್ಲಿ. ಅರವತ್ತೆಂಟಕ್ಕೆ ಒಂದು ಎಂದರೆ ಹೆಚ್ಚುಕಡಿಮೆ ಇಲ್ಲವೆಂದೇ ಲೆಕ್ಕ.

ಚಾನ್ ಕೈಯಲ್ಲಿದ್ದದ್ದು ಗುಲಾಮ ಮತ್ತು ಒಂಬತ್ತು.

ಚಾನ್ ಅವಸರ ಮಾಡಲಿಲ್ಲ. ಬಲವಿಲ್ಲದವನಂತೆ ಕುಳಿತರು. ಮುಂದಿನ ಎಲೆ ಎರಡು, ಕೊನೆಯದು ಆರು. ಯಾರಿಗೂ ಉಪಯೋಗಕ್ಕೆ ಬಾರದವು. ಸೀಡೆಲ್ ಕೊನೆಗೆ ತಮ್ಮ ಬಿಲ್ಲೆಗಳನ್ನೆಲ್ಲ ಮುಂದೆ ನೂಕಿದರು, ಆಟ ಮುಗಿಯಿತು. 1998ರಲ್ಲಿ ‘ರೌಂಡರ್ಸ್’ ಎಂಬ ಚಲನಚಿತ್ರ ಈ ಕೈಯ ಚಿತ್ರೀಕರಣವನ್ನೇ ಬಳಸಿಕೊಂಡಿತು. ಅದರಲ್ಲಿ ಸೀಡೆಲ್ ಸದಾಕಾಲ ಬೋನಿಗೆ ಬೀಳುತ್ತಲೇ ಇರುತ್ತಾರೆ. ಅವರು 165 ಜನರನ್ನು ಹಿಂದೆ ಹಾಕಿ ಆ ಕುರ್ಚಿಗೆ ಬಂದಿದ್ದರೆಂಬುದಾಗಲೀ, ಆ ಎಲೆಗಳಿಗೆ ಬೇರೆಯವರೂ ಬಹುಶಃ ಹಾಗೆಯೇ ಆಡುತ್ತಿದ್ದರೆಂಬುದಾಗಲೀ ಚಿತ್ರದಲ್ಲಿ ಕಾಣುವುದಿಲ್ಲ. ಆಮೇಲೂ ದಶಕಗಳ ಕಾಲ ಉನ್ನತ ಮಟ್ಟದಲ್ಲಿ ಆಡಿದ ಸೀಡೆಲ್‌ಗೆ 2010ರಲ್ಲಿ ಪೋಕರ್ ಹಾಲ್ ಆಫ್ ಫೇಮ್‌ನಲ್ಲಿ ಸ್ಥಾನ ದೊರೆಯಿತು.

ಹಣದ ವಿಚಾರಕ್ಕೆ ಬಂದರೆ, ಚಾನ್‌ಗೆ 7 ಲಕ್ಷ ಡಾಲರ್, ಸೀಡೆಲ್‌ಗೆ 2 ಲಕ್ಷ 80 ಸಾವಿರ. ಅಂದರೆ ಇಬ್ಬರೇ ಉಳಿದ ಗಳಿಗೆಯಲ್ಲೇ 2,80,000 ಇಬ್ಬರಿಗೂ ಖಾತ್ರಿಯಾಗಿತ್ತು. ಮುಂದಿನ ಹೋರಾಟ ಉಳಿದ 4,20,000ಕ್ಕೆ. ಕೌಶಲ ಸಮನಾಗಿದ್ದರೆ ಗೆಲ್ಲುವ ಸಂಭವ ಬಿಲ್ಲೆಗಳ ಪ್ರಮಾಣದಷ್ಟೇ ಎಂದು ಗಣಿತ ಹೇಳುತ್ತದೆ. ಮೂರರಲ್ಲಿ ಎರಡು ಪಾಲು ಬಿಲ್ಲೆ ಇದ್ದವನು ಮೂರರಲ್ಲಿ ಎರಡು ಸಲ ಗೆಲ್ಲುತ್ತಾನೆ. ಈ ಲೆಕ್ಕ ಹಿಡಿದು, ಅನೇಕ ಕೂಟಗಳಲ್ಲಿ ಕೊನೆಯ ಇಬ್ಬರು ಆಟ ನಿಲ್ಲಿಸಿ ಹಣ ಹಂಚಿಕೊಳ್ಳುವುದುಂಟು. ಅರ್ಧಕ್ಕೆ ನಿಂತ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆ? ಈ ಪ್ರಶ್ನೆಯನ್ನೇ ಹಿಡಿದು 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡರು. ಶಾಲೆಗಳಲ್ಲಿ ಕಲಿಸುವ ಸಂಭಾವ್ಯತೆಯ ಪಾಠ ಹುಟ್ಟಿದ್ದು ಆ ಪತ್ರಗಳಿಂದ. ಜೂಜಿನ ಮೇಜಿನಿಂದ ಜಗತ್ತಿಗೆ ದಕ್ಕಿದ ಒಳ್ಳೆಯ ಪದಾರ್ಥ ಇದೊಂದೇ ಎಂದರೂ ಸಲ್ಲುತ್ತದೆ.

ಇದೇ ಹಾರ್ಸ್‌ಶೂನಲ್ಲಿ 2003ರಲ್ಲಿ 839 ಜನರ ನಡುವೆ ಕೊನೆಗೆ ಉಳಿದವರು ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ ಮತ್ತು ಟೆನೆಸೀ ರಾಜ್ಯದ ಅಕೌಂಟೆಂಟ್ ಕ್ರಿಸ್ ಮನಿಮೇಕರ್. ಹೆಸರೇ ‘ಹಣ ಮಾಡುವವ’! ಅವರು ಹತ್ತು ಸಾವಿರ ಡಾಲರ್ ಕಟ್ಟಿ ಬಂದವರಲ್ಲ, ಅಂತರಜಾಲದಲ್ಲಿ ನಡೆದ ಅಗ್ಗದ ಅರ್ಹತಾ ಆಟದಲ್ಲಿ ಸ್ಥಾನ ಗೆದ್ದವರು. ಒಂದು ಕೈಯಲ್ಲಿ ಫರ್ಹಾಗೆ ಒಂಬತ್ತರ ಜೋಡಿ ಕೂಡಿತ್ತು. ಮನಿಮೇಕರ್ ಬಳಿ ರಾಜ ಮತ್ತು ಏಳು. ಕಲರ್ ಕೂಡಲಿಲ್ಲ, ಸೀಕ್ವೆನ್ಸ್ ಕೂಡಲಿಲ್ಲ, ಜೋಡಿಯೂ ಇಲ್ಲ. ಆದರೂ ಬಿಲ್ಲೆಗಳನ್ನೆಲ್ಲ ಮುಂದಿಟ್ಟು ಕಲ್ಲಿನಂತೆ ಕುಳಿತರು. ಫರ್ಹಾ ಬಹಳ ಯೋಚಿಸಿ ಎಲೆ ಕೆಳಗಿಟ್ಟರು. ಆಟಗಾರರ ಎಲೆಗಳನ್ನು ತೋರಿಸುವ ಪುಟ್ಟ ಕ್ಯಾಮರಾ ಮೇಜಿನಲ್ಲಿತ್ತು. ಮುಂದೆ ಟಿವಿಯಲ್ಲಿ ನೋಡಿದ ಕೋಣೆಕೋಣೆಯ ಜನಕ್ಕೂ ಆ ಎಲೆಗಳು ಕಂಡವು. ಕಾಣಬೇಕಾಗಿದ್ದ ಒಬ್ಬ ಮನುಷ್ಯನಿಗೆ ಮಾತ್ರ ಕಾಣಲಿಲ್ಲ. ಮನಿಮೇಕರ್ 25 ಲಕ್ಷ ಡಾಲರ್ ಗೆದ್ದರು.

ಅದರಿಂದ ಆದ ಪರಿಣಾಮ ವಿಪರೀತ. ಮರುವರ್ಷ 2,576 ಜನ, 2006ರಲ್ಲಿ 8,773 ಜನ. ಅಷ್ಟರಲ್ಲಿ ಹಾರ್ಸ್‌ಶೂ 2004ರಲ್ಲಿ ಬಾಗಿಲು ಹಾಕಿ, ಬೇರೆಯವರ ಕೈಗೆ ಹೋಗಿ ಮತ್ತೆ ತೆರೆಯಿತು, ಆಮೇಲೆ ಬರಿಯ ಬಿನಿಯನ್ಸ್ ಆಯಿತು. 2005ರ ಕೊನೆಯ ಮೇಜು ಆಡಿದ ಮೇಲೆ ಕೂಟವೂ ಈ ಬೀದಿಯನ್ನು ಬಿಟ್ಟು ಹೋಯಿತು. 2022ರಿಂದ ಅದು ನಡೆಯುತ್ತಿರುವ ಕಟ್ಟಡಗಳಲ್ಲಿ ಒಂದಕ್ಕೆ ಈಗ ಹಾರ್ಸ್‌ಶೂ ಎಂಬ ಹೆಸರಿದೆ, ಆದರೆ ಇರುವುದು ಫ್ರೀಮಾಂಟ್ ಬೀದಿಯಿಂದ ದೂರದ ದೊಡ್ಡ ರಸ್ತೆಯಲ್ಲಿ.

ಮನಿಮೇಕರ್ ಹತ್ತಿ ಬಂದ ಅಂತರಜಾಲದ ಏಣಿ ಕಾಲಕ್ರಮದಲ್ಲಿ ಮೊಬೈಲ್ ಮೂಲಕ ನಮ್ಮ ಮನೆಗಳಿಗೂ ಬಂತು. ರಮ್ಮಿ, ಪೋಕರ್‌ಗಳಲ್ಲಿ ಸಾಲಗಾರರಾದ ಹುಡುಗರ ಸುದ್ದಿ ಕರ್ನಾಟಕದ ಪತ್ರಿಕೆಗಳಿಗೆ ಹೊಸದಲ್ಲ. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಮರುವರ್ಷ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ನೀಡಿತು. ಒಬ್ಬನ ಗೆಲುವು ಉಳಿದವರ ಜೇಬಿನಿಂದಲೇ ಬರಬೇಕಾದ ಆಟವಿದು; ಎಲೆ ಎಷ್ಟು ಬೆರೆಸಿದರೂ ಮೇಜಿನ ಮೇಲೆ ಹೊಸದಾಗಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ತಂದೆತಾಯಿಯರ ಆತಂಕ ಅಮೆರಿಕದಲ್ಲೂ ಹಳೆಯದೇ. ಫಿಲ್ ಹೆಲ್ಮತ್ ಎಂಬ ತರುಣ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟು ಇಸ್ಪೀಟು ಹಿಡಿದಿದ್ದ. ತಂದೆಗೆ ಇದು ಒಪ್ಪಿಗೆಯಿರಲಿಲ್ಲ. 1989ರ ಕೂಟಕ್ಕೆ ಬಂದ 178 ಜನರಲ್ಲಿ ಅವನೂ ಒಬ್ಬ, ವಯಸ್ಸು 24. ಜಾನಿ ಚಾನ್ ಸತತ ಮೂರನೆಯ ಗೆಲುವಿಗೆ ಕಾದಿದ್ದರು. ಕೊನೆಗೆ ಉಳಿದವರು ಇವರಿಬ್ಬರೇ. ಹುಡುಗನ ಕೈಯಲ್ಲಿ ಒಂಬತ್ತರ ಜೋಡಿ, ಚಾನ್ ಕೈಯಲ್ಲಿ ಎಕ್ಕ ಮತ್ತು ಏಳು. ನೂರಕ್ಕೆ ಎಪ್ಪತ್ತರಷ್ಟು ಹುಡುಗನ ಪರ. ಎಲೆ ಹಂಚುವವನು ಐದೆಲೆಗಳನ್ನೂ ಬಿಡಿಸಿದ. ಎಕ್ಕ ಬರಲಿಲ್ಲ, ಏಳೂ ಬರಲಿಲ್ಲ. 7,55,000 ಡಾಲರ್ ಓದು ಬಿಟ್ಟ ಹುಡುಗನ ಪಾಲಾಯಿತು. ಹಿಂದಿನ ವರ್ಷ ಸೀಡೆಲ್ ಬಿಟ್ಟು ಎದ್ದಿದ್ದ ಎರಡನೆಯ ಸ್ಥಾನದಲ್ಲಿ ಈ ಬಾರಿ ಚಾನ್.